ಬರಿ ಹೊಟ್ಟೆಯ ರಕ್ತ

ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಊರಿನಲ್ಲಿ ಜಾಸ್ತಿಯಾಗಿದ್ದು ಅರ್ಜಿ ಮತ್ತು ಜೆರಾಕ್ಸ್. ಅರ್ಜಿ ಜನರದ್ದು, ಜೆರಾಕ್ಸ್ ನನ್ನದು. ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಪೆನ್ನು, ಫೈಲು, ಮಕ್ಕಳ ನೋಟ್‌ಬುಕ್ಕು ಕೂಡ ಇಟ್ಟಿದ್ದೇನೆ. ಗಾಜಿನ ಮೇಲೆ ಕಾಗದವನ್ನು ಬೋರಲು ಹಾಕುವ ಮುಂಚೆ ಅದರ ಮೇಲೆ ಕಣ್ಣಾಡಿಸದೆ ಇರುವುದು ನನ್ನ ಕೈಲಾಗದ ಕೆಲಸ. ಪಹಣಿಯಲ್ಲಿ ಯಾರ ಹೆಸರಿದೆ ಎನ್ನುವುದು ನನಗೆ ಬೇಡ, ಅದು ಜಗಳದ ವಿಷಯ. ನನ್ನ ಆಸೆಯೆಲ್ಲ ಆಸ್ಪತ್ರೆ ರಿಪೋರ್ಟುಗಳ ಮೇಲೆ. ಯಾರದು ಎಂದು ನೋಡುವುದಿಲ್ಲ, ಏನು ಎಂದು ನೋಡುತ್ತೇನೆ. ಒಂದು ಸಣ್ಣ ಸೀಸೆ ರಕ್ತದಲ್ಲಿ ಇಷ್ಟೊಂದು ಸಾಮಾನು ಇರುತ್ತದೆ ಎಂದು ನನಗೆ ಗೊತ್ತಾಗಿದ್ದು ಆ ಯಂತ್ರದಿಂದಲೇ. "ನಿಂಗೆ ಅರ್ಧ ಡಾಕ್ಟ್ರಾಗೋ ಕಾಯಿಲೆ ಐತೆ" ಎಂದು ನನ್ನ ಯಜಮಾನರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಔಷಧಿಯ ಹೆಸರು ಅವರಿಗೇ ನೆನಪಿರುವುದಿಲ್ಲ.

ಹೀಗಾಗಿ ಕ್ರಿಯಾಟಿನಿನ್ ಎಂಬ ಪದ ನನಗೆ ಮುಖಪರಿಚಯದ ನೆಂಟನಾಗಿತ್ತು. ನಮ್ಮ ಸ್ನಾಯುಗಳು ದಿನಾ ಕೆಲಸ ಮಾಡಿ ಉಳಿಸುವ ಕಸ ಅದು ಎಂದು ಪಕ್ಕದ ಮೆಡಿಕಲ್ ಅಂಗಡಿಯವರು ಒಮ್ಮೆ ಹೇಳಿದ್ದರು. ಆ ಕಸವನ್ನು ಗುಡಿಸಿ ಹೊರಗೆ ಹಾಕುವುದು ಕಿಡ್ನಿಯ ಕೆಲಸ. ರಕ್ತದಲ್ಲಿ ಕಸ ಹೆಚ್ಚಾಯಿತೆಂದರೆ ಗುಡಿಸುವ ಕೈ ಸೋತಿದೆ ಎಂದು ತಿಳಿಯಬೇಕು. ಇಷ್ಟು ಸರಳ ಎಂದುಕೊಂಡಿದ್ದೆ, ನಮ್ಮ ದೊಡ್ಡಮ್ಮನ ರಿಪೋರ್ಟು ಬರುವವರೆಗೆ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಇಬ್ಬರೂ ಜಗಳೂರು ಕಡೆಯವರು. ಅಲ್ಲೇ ಇರುವ ತಮ್ಮನ ಜೊತೆ ದೊಡ್ಡಮ್ಮನಿಗೆ ಮಾತಿಲ್ಲ. ದೊಡ್ಡಮ್ಮನನ್ನು ಬಸವಾಪಟ್ಟಣಕ್ಕೆ ಕೊಟ್ಟರು, ಅಮ್ಮನನ್ನು ಹೊನ್ನಾಳಿಗೆ. ಅಮ್ಮ ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಎರಡು ಬಾಣಂತನವನ್ನೂ ದೊಡ್ಡಮ್ಮನೇ ಬಂದು ಮಾಡಿದಳು. ಸಣಕಲು ಹೆಂಗಸು, ನೆಟ್ಟಗಿನ ಬೆನ್ನು, ಮಾತು ಕಡಿಮೆ. ಹೀಗೆ ಮಾಡು ಎನ್ನುತ್ತಾಳೆ, ಯಾಕೆ ಎಂದು ಹೇಳುವುದಿಲ್ಲ. ಕಾರಣ ಕೊಡುವುದು ಅವಳ ಲೆಕ್ಕದಲ್ಲಿ ಸಣ್ಣವರ ಕೆಲಸ. ನನಗೋ ಕಾರಣ ಸಿಗದಿದ್ದರೆ ಊಟ ಸೇರುವುದಿಲ್ಲ. ಇಬ್ಬರ ನಡುವೆ ಪ್ರೀತಿ ಇರುವುದು ನಿಜವಾದರೂ ಸಮಾಧಾನ ಇರುವುದು ಅಪರೂಪ.

ಅವಳ ಎದೆಯ ಸುದ್ದಿ ಮೊದಲು ಗೊತ್ತಾಗಿದ್ದು ನಮ್ಮ ಮನೆಯ ಮೆಟ್ಟಿಲ ಮೇಲೆ. ನ್ಯಾಮತಿಗೆ ಬಂದವಳು, ತಾರಸಿಯಲ್ಲಿ ಒಣಹಾಕಿದ್ದ ಹಪ್ಪಳ ತೆಗೆಯುತ್ತೇನೆ ಎಂದು ಹತ್ತಿದಳು. ಅರ್ಧಕ್ಕೆ ಹೋಗಿ ಕೂತುಬಿಟ್ಟಳು. ಹಣೆ ಮೇಲೆ ಬೆವರು, ಒಂದು ಕೈ ಎದೆ ಮೇಲೆ.

"ಏನಾಯ್ತು ದೊಡ್ಡಮ್ಮ?"

"ಏನಿಲ್ಲ. ಮೆಟ್ಲು ಎತ್ತರ ಕಟ್ಸಿದೀರಿ."

ಆ ಮೆಟ್ಟಿಲನ್ನು ಅವಳು ವರ್ಷಗಟ್ಟಲೆ ಹತ್ತಿ ಇಳಿದಿದ್ದಳು. ನಾನು ಬಸವಾಪಟ್ಟಣಕ್ಕೆ ಫೋನು ಮಾಡಿ ಅವಳ ಮಗನಿಗೆ, ನನ್ನ ಅಣ್ಣನಿಗೆ, ಹೇಳಿದೆ. ಅವನು ಒಳ್ಳೆಯವನೇ, ಆದರೆ ಅಡಿಕೆ ಚೇಣಿಯವನು. ಬೇರೆಯವರ ತೋಟದ ಫಸಲನ್ನು ಮೊದಲೇ ಗುತ್ತಿಗೆ ಹಿಡಿದು, ಕೊಯ್ಲು ಶುರುವಾದರೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಕಸುಬು ಅದು. "ನೀನೂ ಬಂದ್ರೆ ಒಳ್ಳೇದು, ಅವ್ರು ಹೇಳೋದು ನಂಗೆ ಅರ್ಥ ಆಗಲ್ಲ" ಎಂದ. ಅವನು ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಕರೆತರುವುದು, ನಾನು ಹೊನ್ನಾಳಿ ಮೇಲೆ ಬಸ್ಸಿನಲ್ಲಿ ಬಂದು ಅಲ್ಲಿ ಸೇರಿಕೊಳ್ಳುವುದು ಎಂದು ಮಾತಾಯಿತು.

ಹೃದಯದ ಡಾಕ್ಟರು ನಮ್ಮ ಕಡೆಯವರೇ, ಬಿಡಿಸಿ ಮಾತಾಡುವವರು. ಎದೆಗೆ ಯಂತ್ರ ಇಟ್ಟು ನೋಡಿ, ಹೃದಯ ರಕ್ತ ತಳ್ಳುವ ಬಲ ಕಡಿಮೆಯಾಗಿದೆ, ರಕ್ತನಾಳದಲ್ಲಿ ಅಡ್ಡಿ ಇರಬಹುದು, ಆಂಜಿಯೋಗ್ರಾಂ ಮಾಡಬೇಕು ಎಂದರು. ಮೈಯ ನೀರು ಇಳಿಯಲು ಒಂದು ಮಾತ್ರೆ ಬರೆದುಕೊಟ್ಟರು, ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ಅಳತೆಯನ್ನೂ ಹೇಳಿದರು. ಒಂದು ವಾರ ಬಿಟ್ಟು ಬರಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ, ಆಮೇಲೆ ದಿನ ಗೊತ್ತು ಮಾಡೋಣ ಎಂದರು.

ದೊಡ್ಡಮ್ಮ ಹೇಳಿದ ಹಾಗೇ ಬಂದಳು, ರಕ್ತ ಕೊಟ್ಟಳು. ಮಧ್ಯಾಹ್ನ ರಿಪೋರ್ಟು ನೋಡಿದ ಡಾಕ್ಟರ ಹುಬ್ಬು ಮೇಲೇರಿತು. ಒಂದರ ಆಸುಪಾಸಿನಲ್ಲಿ ಇರಬೇಕಾದ ಕ್ರಿಯಾಟಿನಿನ್ ಎರಡರ ಸಮೀಪ ಹೋಗಿತ್ತು.

"ಆಂಜಿಯೋಗ್ರಾಂಗೆ ಒಂದು ಔಷಧಿ ಬಿಡ್ತೀವಿ ರೀ, ರಕ್ತನಾಳ ಫೋಟೋದಾಗೆ ಕಾಣ್ಲಿ ಅಂತ. ಅದನ್ನ ಹೊರಗೆ ಹಾಕೋದು ಕಿಡ್ನಿ. ಕಿಡ್ನೀನೇ ಸೋತಿದ್ರೆ, ಹಾರ್ಟ್ ನೋಡಾಕೆ ಹೋಗಿ ಕಿಡ್ನಿ ಕಳ್ಕೊಂಡಂಗೆ ಆಗುತ್ತೆ. ಸ್ವಲ್ಪ ತಡೀರಿ, ಇನ್ನೊಂದ್ಸಲ ನೋಡಾಣ."

ರಿಪೋರ್ಟಿನಲ್ಲಿ ಬಿಎನ್‌ಪಿ ಎಂದು ಇನ್ನೊಂದು ಹೆಸರಿತ್ತು, ಅದರ ಮುಂದೆ ದೊಡ್ಡ ಅಂಕಿ. ನನ್ನ ನಾಲಿಗೆ ಸುಮ್ಮನಿರಲಿಲ್ಲ. ಅದೇನು ಸಾರ್ ಎಂದು ಕೇಳಿದೆ. ಹೊರಗೆ ಜನ ಕಾಯುತ್ತಿದ್ದರೂ ಅವರು ಹೇಳಿದರು.

"ಹಾರ್ಟಿಗೆ ಭಾರ ಆದ್ರೆ ಅದು ಸುಮ್ನೆ ಕೂರಲ್ಲ. ರಕ್ತದಾಗೆ ಒಂದು ಪದಾರ್ಥ ಬಿಡುತ್ತೆ. ನಂಗೆ ಭಾರ ಆಗೈತೆ, ಉಪ್ಪು ನೀರು ಹೊರಗೆ ಹಾಕು ಅಂತ ಕಿಡ್ನಿಗೆ ಹೇಳಿಕಳಿಸ್ದಂಗೆ. ಅದನ್ನೇ ನಾವು ಅಳೆಯೋದು. ಇವರದ್ದು ಜಾಸ್ತಿ ಐತೆ."

"ಹಂಗಾದ್ರೆ ತೊಂದರೆ ಹಾರ್ಟಿಂದೇ ಅನ್ನೋದು ಖಾತ್ರಿ ಆಯ್ತಲ್ಲ ಸಾರ್?"

"ಅಲ್ಲೇ ಇರೋದು ತೊಡಕು. ಆ ಪದಾರ್ಥನ ಆಮೇಲೆ ಖಾಲಿ ಮಾಡೋದ್ರಲ್ಲಿ ಕಿಡ್ನಿ ಪಾಲೂ ಐತೆ. ಕಿಡ್ನಿ ಸೋತ್ರೆ ಅದು ರಕ್ತದಾಗೇ ಉಳ್ಕೊಳ್ಳುತ್ತೆ. ಹಂಗಾಗಿ ಹಾರ್ಟು ಜೋರಾಗಿ ಕೂಗ್ತೈತೋ, ಕಿಡ್ನಿ ಕಿವಿಗೆ ಹಾಕ್ಕೊಳ್ತಿಲ್ಲವೋ, ಇದೊಂದರಿಂದ ಹೇಳಾಕೆ ಬರಲ್ಲ."

ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದ ದೊಡ್ಡಮ್ಮ ಆಗ ಬಾಯಿ ತೆರೆದಳು. "ಎರಡೂ ನನ್ನ ಮೈಯಾಗೇ ಇದ್ಕೊಂಡು ಒಂದ್ರ ಮ್ಯಾಲೆ ಒಂದು ಚಾಡಿ ಹೇಳ್ತಾವಾ?"

ಡಾಕ್ಟರು ನಕ್ಕರು. ನಾನೂ ನಕ್ಕೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಹೃದಯ ಕಿಡ್ನಿಗೆ ಹೇಳಿಕಳಿಸುತ್ತದೆ ಎನ್ನುವುದು ನನ್ನ ತಲೆಯಿಂದ ಹೋಗಲೊಲ್ಲದು. ಇಷ್ಟು ವರ್ಷ ನಾನು ಮೈ ಎಂದರೆ ಬೇರೆ ಬೇರೆ ಕೋಣೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ತಿಳಿದಿದ್ದೆ. ಎದೆಗೆ ಒಬ್ಬ ಡಾಕ್ಟರು, ಕಿಡ್ನಿಗೆ ಇನ್ನೊಬ್ಬ ಡಾಕ್ಟರು, ಬೋರ್ಡು ಬೇರೆ, ಫೀಸು ಬೇರೆ. ಒಳಗೆ ನೋಡಿದರೆ ಅವು ದಿನವಿಡೀ ಮಾತಾಡಿಕೊಂಡೇ ಇವೆ.

ಆಮೇಲಿನ ದಿನಗಳಲ್ಲಿ ನಾನು ಮನೆಯವರ ತಲೆ ತಿಂದೆ. ಮೆಡಿಕಲ್ ಅಂಗಡಿಯವರ ತಲೆಯನ್ನೂ ತಿಂದೆ. ಫೋನಿನಲ್ಲಿ ಓದಿದ್ದು ಅರ್ಧ ತಿಳಿಯಿತು, ಅರ್ಧ ಹೆದರಿಸಿತು. ಕಿಡ್ನಿ ಸೋತವರಿಗೆ ಹೃದಯ ಸೋಲುತ್ತದಂತೆ, ಹೃದಯ ಸೋತವರಿಗೆ ಕಿಡ್ನಿ ಸೋಲುತ್ತದಂತೆ. ಯಾವುದು ಮೊದಲು ಎಂದು ಹುಡುಕಿದರೆ ಅಲ್ಲಿ ಬರೆದವರಿಗೂ ಯಾವಾಗಲೂ ಖಚಿತವಿಲ್ಲ. ಊಟದ ಹೊತ್ತಿನಲ್ಲಿ ನಾನು ಇದನ್ನೆಲ್ಲ ಶುರು ಮಾಡಿದರೆ ನಮ್ಮ ಯಜಮಾನರು, "ಅನ್ನದ ಮುಂದೆ ಉಚ್ಚೆ ಮಾತು ಬ್ಯಾಡ ಮಾರಾಯ್ತಿ" ಎಂದು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದರು.

ಎರಡನೆಯ ಸಲದ ರಕ್ತ ಮೊದಲಿಗಿಂತ ಕೆಟ್ಟಿತ್ತು. ಕ್ರಿಯಾಟಿನಿನ್ ಇನ್ನೂ ಏರಿ ಎರಡನ್ನು ದಾಟಿತ್ತು. ಈ ಸಲ ಕಿಡ್ನಿ ಡಾಕ್ಟರ ಹತ್ತಿರ ಕಳಿಸಿದರು. ಅವರು ಹೆಂಗಸು, ಮೆಲುದನಿ. ರಿಪೋರ್ಟನ್ನು ಎರಡು ಸಲ ನೋಡಿದರು. ಸ್ಕ್ಯಾನಿನಲ್ಲಿ ಕಿಡ್ನಿಗಳು ಅಷ್ಟೇನೂ ಸಣ್ಣದಾಗಿಲ್ಲ, ಮೂತ್ರದಲ್ಲಿ ಅಂಥ ದೋಷವಿಲ್ಲ, ಆದರೂ ಅಂಕಿ ಹೀಗೇಕೆ ಎಂದು ತಮ್ಮಷ್ಟಕ್ಕೇ ಅಂದುಕೊಂಡ ಹಾಗೆ ಹೇಳಿದರು. ಕ್ರಿಯಾಟಿನಿನ್‌ಗಿಂತ ಯೂರಿಯಾ ಹೆಚ್ಚು ಜಿಗಿದಿದೆಯಂತೆ. ಮೈಯಲ್ಲಿ ನೀರು ಸಾಲದಿದ್ದಾಗ ಹಾಗಾಗುವುದುಂಟಂತೆ.

"ಅಜ್ಜಿ, ದಿನಕ್ಕೆ ನೀರು ಎಷ್ಟು ಕುಡೀತೀರಿ?"

"ಎರಡು ಚೊಂಬು. ಊಟದಾಗೆ ಮಜ್ಜಿಗೆ."

ಹೃದಯದ ಡಾಕ್ಟರು ಹೇಳಿದ ಅಳತೆಗೆ ಅದು ಸರಿಯಾಗಿತ್ತು. ಕಿಡ್ನಿ ಡಾಕ್ಟರು ತಲೆಯಾಡಿಸಿ ನೀರಿನ ಮಾತ್ರೆಯನ್ನು ಅರ್ಧ ಮಾಡಿದರು. ಇನ್ನೊಂದು ಸಲ ನೋಡೋಣ, ಆಗಲೂ ಹೀಗೇ ಇದ್ದರೆ ಆಂಜಿಯೋಗ್ರಾಂ ಮಾತು ಬಿಡಬೇಕಾಗುತ್ತದೆ, ಮಾತ್ರೆಯಲ್ಲೇ ಎಷ್ಟು ದಿನ ನಡೆಯುತ್ತೋ ನಡೆಸಬೇಕು ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ. ಪ್ರಶ್ನೆ ಕೇಳುವ ಚಟದವಳು ನಾನು, ಆವತ್ತು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಆಗಲೇ ದೊಡ್ಡಮ್ಮ ಮಲಗಲು ಮೂರು ದಿಂಬು ಒಟ್ಟುತ್ತಿದ್ದಳು. ದೇವರಿಗೆ ಹೂ ಬಿಡಿಸಲು ಹಿತ್ತಿಲಿಗೆ ಹೋಗಿ ಬಂದರೆ ಉಸಿರು ಕಟ್ಟುತ್ತಿತ್ತು. ಮುಚ್ಚಿದ ನಾಳವನ್ನು ತೆರೆಯದೆ ಮಾತ್ರೆಯಲ್ಲಿ ಎಷ್ಟು ಎಳೆಯಲು ಸಾಧ್ಯ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮೂರನೆಯ ಸಲಕ್ಕೆ ಅಣ್ಣನಿಗೆ ಉಬ್ರಾಣಿ ಕಡೆ ಹಿಡಿದಿದ್ದ ತೋಟದಲ್ಲಿ ಕೊಯ್ಲು ಬಂತು. ನೀನೇ ಕರೆದುಕೊಂಡು ಹೋಗು ಎಂದ. ಅಂಗಡಿಯನ್ನು ಯಜಮಾನರಿಗೆ ಒಪ್ಪಿಸಿ, ಹಿಂದಿನ ದಿನವೇ ನಾನು ಬಸವಾಪಟ್ಟಣಕ್ಕೆ ಹೋದೆ.

ಸಂಜೆ ಅಣ್ಣನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ದೊಡ್ಡಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ನಾಳೆ ಬಸ್ಸು ಐತೆ" ಎಂದಳು. ಬಸ್ಸಿನಲ್ಲಿ ದೂರ ಹೋಗುವ ಹೆಂಗಸರೆಲ್ಲ ಹೀಗೇ ಮಾಡುತ್ತೇವೆ. ನಿಲ್ದಾಣದ ಶೌಚಾಲಯದ ವಾಸನೆ ನೆನಪಾದರೆ ಬಾಯಾರಿಕೆ ತಾನಾಗೇ ಇಂಗುತ್ತದೆ. ನಾನೂ ಆವತ್ತು ಅರ್ಧ ಲೋಟವೇ ಕುಡಿದೆ.

ಬೆಳಿಗ್ಗೆ ನಾನು ಎದ್ದಾಗ ಅವಳು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಸೀರೆ ಉಟ್ಟು ಕೂತಿದ್ದಳು. ನಾನು ಕಾಫಿ ಕುಡಿದೆ. ಅವಳು ದೇವರ ಕೋಣೆಯ ಕಡೆ ನೋಡಿ ಕೈ ಮುಗಿದಳು, ಒಳಗೆ ಹೋಗಲಿಲ್ಲ.

"ಪೂಜೆ ಆಯ್ತಾ?"

"ಬಂದ ಮ್ಯಾಲೆ."

ಬಸ್ಸಿಗೆ ಹೊತ್ತಾಗಿತ್ತು. ನಾನು ಚೀಲ ಎತ್ತಿಕೊಂಡೆ. ನಮ್ಮ ನ್ಯಾಮತಿಯ ಮನೆಯಲ್ಲಿ ಮೊದಲು ಚಹಾ, ಆಮೇಲೆ ಪೇಪರು, ಹೊತ್ತಿದ್ದರೆ ದೇವರು. ಹಾಗಾಗಿ ಬಂದ ಮೇಲೆ ಎಂಬ ಮಾತಿನಲ್ಲಿ ನನಗೆ ವಿಶೇಷ ಏನೂ ಕಾಣಲಿಲ್ಲ.

ಬಸ್ಸು ರಶ್ಶು. ಬಿಸಿಲೇರಿದ ಮೇಲೆ ದಾವಣಗೆರೆ ಮುಟ್ಟಿದೆವು. ಆಸ್ಪತ್ರೆಯಲ್ಲಿ ಆವತ್ತು ಸರದಿ ಉದ್ದವಿತ್ತು. ಬೆಂಚಿನ ಮೇಲೆ ಕೂತು ಅವಳೊಂದು ಮಾತು ಹೇಳಿದಳು, ನಾಲಿಗೆ ಅಂಗುಳಕ್ಕೆ ಅಂಟಿ ಅರ್ಧ ಮಾತು ಒಳಗೇ ಉಳಿಯಿತು. ತುಟಿ ನೋಡಿದೆ, ಸಿಪ್ಪೆ ಎದ್ದಿತ್ತು. ನನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟೆ. ಅವಳು ಮುಖ ಆ ಕಡೆ ಮಾಡಿದಳು.

"ಕುಡಿ ದೊಡ್ಡಮ್ಮ."

"ಪೂಜೆ ಆಗಿಲ್ಲ."

ಆಗ ನನಗೆ ನೆನಪಾಯಿತು. ದೊಡ್ಡಮ್ಮ ದೀಕ್ಷೆಯಾದವಳು. ಕೊರಳಲ್ಲಿ ಸದಾ ಇರುವ ಲಿಂಗವನ್ನು ಬೆಳಿಗ್ಗೆ ಅಂಗೈಯಲ್ಲಿಟ್ಟು ಪೂಜಿಸುವ ತನಕ ಅವಳು ಹನಿ ನೀರು ಮುಟ್ಟುವುದಿಲ್ಲ. ಜ್ವರ ಬಂದಾಗಲೂ ಮುಟ್ಟಿದ್ದನ್ನು ನಾನು ಕಂಡಿಲ್ಲ.

"ಮತ್ತೆ ಮನೇಲೇ ಮಾಡ್ಕೊಂಡು ಬರಬೇಕಿತ್ತಲ್ಲ, ಅಷ್ಟೊತ್ತಿಗೇ ಎದ್ದಿದ್ದೆ?"

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಬರಿ ಹೊಟ್ಟೇಲಿ ಬರ್ರಿ ಅಂದವ್ರೆ. ಪೂಜೆ ಮಾಡಿದ್ರೆ ಪ್ರಸಾದ ತಗೋಬೇಕು. ಪ್ರಸಾದ ಬಾಯಿಗೆ ಹಾಕ್ಕೊಂಡ ಮ್ಯಾಲೆ ಬರಿ ಹೊಟ್ಟೆ ಎಲ್ಲಿಂದ ಬಂತು?"

"ಅದಕ್ಕೆ ಪೂಜೇನೇ ಬಿಟ್ಯಾ?"

"ಬಿಡ್ತೀನೇನೆ? ರಕ್ತ ಕೊಟ್ಟು ಊರಿಗೆ ಹೋಗಿ ಮಾಡ್ತೀನಿ."

"ಹೋದ ಸಲಾನೂ ಹಿಂಗೇ ಮಾಡಿದ್ಯಾ? ಅದರ ಹಿಂದಿನ ಸಲ?"

"ಮತ್ತೆ ಹೆಂಗೆ ಮಾಡ್ತಾರೆ?"

ಕೂತಲ್ಲೇ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಹಿಂದಿನ ಸಂಜೆ ಬಸ್ಸಿನ ಭಯಕ್ಕೆ ನೀರಿಲ್ಲ. ಬೆಳಿಗ್ಗೆ ಪೂಜೆಯಿಲ್ಲದೆ ನೀರಿಲ್ಲ. ಪೂಜೆ ಮಾಡಲು ಬರಿ ಹೊಟ್ಟೆ ಅಡ್ಡ. ಇದರ ಜೊತೆ ಮೈಯ ನೀರನ್ನು ಬಸಿದು ತೆಗೆಯುವ ಮಾತ್ರೆ. ಪ್ರತಿ ಸಲವೂ ಅವಳು ಒಣಗಿ ಕಡ್ಡಿಯಾದ ಮೈಯಿಂದ ರಕ್ತ ಕೊಟ್ಟಿದ್ದಳು. ಮಾತ್ರೆ ಮೈಗೆ ಹಿಡಿದ ಹಾಗೆ ಎರಡನೆಯ ಸಲ ಅಂಕಿ ಇನ್ನೂ ಏರಿತ್ತು. ನಾವು ಅದನ್ನು ಹಿಡಿದುಕೊಂಡು ಕಿಡ್ನಿ ಹೋಯಿತು ಎಂದು ಮುಖ ಸಣ್ಣ ಮಾಡಿಕೊಂಡಿದ್ದೆವು. ಸಂಜೆ ಊರಿಗೆ ಮರಳಿ ಪೂಜೆ ಮುಗಿಸಿ ಅವಳು ಎರಡು ಚೊಂಬು ಕುಡಿದಾಗ ಅದನ್ನು ಅಳೆಯಲು ಅಲ್ಲಿ ಯಾರೂ ಇರಲಿಲ್ಲ.

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದೆ ಅವಳ ಮೇಲೇ ತೀರಿಸಿಕೊಂಡೆ. "ಡಾಕ್ಟ್ರಮ್ಮ ಅಷ್ಟು ಬಿಡಿಸಿ ಕೇಳಿದ್ರಲ್ಲ, ಹೇಳಾಕೆ ಏನಾಗಿತ್ತು?"

"ನೀರು ಎಷ್ಟು ಕುಡೀತೀರಿ ಅಂದ್ರು. ಹೇಳ್ದೆ. ಪೂಜೆ ವಿಚಾರ ಅವರು ಕೇಳಲಿಲ್ಲ. ಕೇಳಿದ್ರೂ ಅದನ್ನ ಹೇಳ್ಕೊಂಡು ತಿರುಗ್ತಾರಾ?"

ಅದೂ ಸರಿಯೇ. ಪೂಜೆಗೆ ಮುಂಚೆ ನೀರು ಕುಡಿಯದೆ ಇರುವುದು ಅವಳಿಗೆ ಉಸಿರಾಡಿದಷ್ಟು ಸಹಜ. ದಿನಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಂದು ಕೇಳದೆ ಯಾರು ಹೇಳುತ್ತಾರೆ? ನಾನು ಎದ್ದು ಲ್ಯಾಬಿನ ಕಿಟಕಿಗೆ ಹೋದೆ. ಈ ಟೆಸ್ಟಿಗೆ ಬರಿ ಹೊಟ್ಟೆ ಬೇಕೇ ಬೇಕಾ ಅಣ್ಣಾ ಎಂದು ಚೀಟಿ ತೋರಿಸಿದೆ.

"ಇವತ್ತು ಬರೆದಿರೋದಕ್ಕೆ ಬೇಕಿಲ್ಲಮ್ಮ. ಮೊದಲ ಸಲ ಶುಗರ್ರು, ಕೊಬ್ಬು ನೋಡೋದಿತ್ತೇನೋ, ಅದಕ್ಕೆ ಹೇಳಿರ್ತಾರೆ. ಬರಿ ಹೊಟ್ಟೆ ಅಂದ್ರೂ ನೀರು ಕುಡೀಬಹುದು."

ಮೊದಲ ದಿನ ಒಂದು ಕಾರಣಕ್ಕೆ ಹೇಳಿದ ಮಾತನ್ನು ದೊಡ್ಡಮ್ಮ ವ್ರತದ ಹಾಗೆ ಹಿಡಿದಿದ್ದಳು. ಆಮೇಲೆ ಅದನ್ನು ಬಿಡಿ ಎಂದು ಹೇಳುವುದು ಯಾರಿಗೂ ಹೊಳೆದಿರಲಿಲ್ಲ. ಅವಳು ಇನ್ನೂ ಪಾಲಿಸುತ್ತಿದ್ದಾಳೆ ಎಂದು ಗೊತ್ತಿದ್ದರೆ ತಾನೇ?

ಕಿಡ್ನಿ ಡಾಕ್ಟರ ಕೋಣೆಗೆ ಸರದಿ ತಪ್ಪಿಸಿ ನುಗ್ಗಿದೆ. ಬಾಗಿಲಲ್ಲಿದ್ದವರು ಬೈದರು, ಬೈಸಿಕೊಂಡೆ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರು, ಪ್ರಸಾದದ ವಿಚಾರ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

"ಇವತ್ತು ರಕ್ತ ಬೇಡ" ಎಂದರು. "ಅಜ್ಜಿ ಪೂಜೆ ಮಾಡ್ಲಿ, ನೀರು ಕುಡೀಲಿ. ಒಂದು ವಾರ ಸರಿಯಾಗಿ ಕುಡಿದು ಆಮೇಲೆ ಬರ್ರಿ. ಹಾರ್ಟ್ ಡಾಕ್ಟ್ರ ಹತ್ರ ನಾನು ಮಾತಾಡ್ತೀನಿ, ನೀರಿನ ಮಾತ್ರೆ ಸದ್ಯಕ್ಕೆ ನಿಲ್ಸಾಣ. ಆದ್ರೆ ಒಂದೇ ಸಲ ಕೊಡ ಬಗ್ಗಿಸಬ್ಯಾಡಿ. ಹಾರ್ಟಿಗೆ ನೀರು ಜಾಸ್ತಿ ಆಗಬಾರ್ದು, ಕಿಡ್ನಿಗೆ ಕಡಿಮೆ ಆಗಬಾರ್ದು. ಹಗಲೆಲ್ಲ ಸ್ವಲ್ಪ ಸ್ವಲ್ಪ."

ಮುಂದಿನ ಸಲ ಸಿಸ್ಟಾಟಿನ್ ಎಂದು ಇನ್ನೊಂದನ್ನೂ ನೋಡೋಣ ಎಂದರು. ಅದೇನು ಎಂದು ನಾನು ಕೇಳದೆ ಬಿಡುತ್ತೇನೆಯೇ? ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ದೊಡ್ಡಮ್ಮನಂಥ ಸಣಕಲು ಮೈಯವರಲ್ಲಿ ಸ್ನಾಯುವೇ ಕಡಿಮೆ, ಆದ್ದರಿಂದ ಕಿಡ್ನಿ ಸ್ವಲ್ಪ ಸೋತಿದ್ದರೂ ಅಂಕಿ ಚೆನ್ನಾಗಿ ಕಂಡು ಮೋಸ ಮಾಡಬಹುದಂತೆ. ಸಿಸ್ಟಾಟಿನ್ ಮೈಯ ಎಲ್ಲ ಕಡೆಯಿಂದ ಬರುವುದರಿಂದ ಸಣಕಲು, ದಪ್ಪ ಎಂದು ಅಷ್ಟಾಗಿ ನೋಡುವುದಿಲ್ಲವಂತೆ. ಎರಡನೆಯ ಸಾಕ್ಷಿ ಇರಲಿ ಎಂದರು. ನನಗೆ ಅದು ಬಹಳ ಹಿಡಿಸಿತು.

ಆಸ್ಪತ್ರೆಯ ಹಿಂದೆ ಒಂದು ನಲ್ಲಿ, ಒಂದು ಹೊಂಗೆ ಮರ. ದೊಡ್ಡಮ್ಮ ಅಲ್ಲಿ ಕಾಲು ತೊಳೆದು, ಕಟ್ಟೆಯ ಮೇಲೆ ಕೂತಳು. ಲಿಂಗವನ್ನು ಅಂಗೈಗೆ ತೆಗೆದುಕೊಂಡಳು. ಪಕ್ಕದಲ್ಲಿ ಯಾರೋ ಟಿಫಿನ್ ಡಬ್ಬಿ ತೊಳೆಯುತ್ತಿದ್ದರು, ಆಂಬುಲೆನ್ಸ್ ಹಿಂದಕ್ಕೆ ಬರುತ್ತಿತ್ತು. ಅವಳು ಕಣ್ಣು ಮುಚ್ಚಿದವಳು ಅಲುಗಲಿಲ್ಲ. ಮುಗಿದ ಮೇಲೆ ತೀರ್ಥ ತಗೊಂಡು, ಸೆರಗಿನ ಗಂಟಿನಿಂದ ಕಲ್ಲುಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಬಾಟಲಿಗೆ ಕೈ ಚಾಚಿದಳು. ಗುಟುಕು ಗುಟುಕಾಗಿ ಕುಡಿದಳು. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಿಂತಿದ್ದ ನನಗೆ ಸಿಟ್ಟೆಲ್ಲ ಇಳಿಯಿತು.

ಅವಳನ್ನು ಬಸವಾಪಟ್ಟಣಕ್ಕೆ ಬಿಡದೆ ನ್ಯಾಮತಿಗೇ ಕರೆದುಕೊಂಡು ಬಂದೆ. ಆ ವಾರ ನಮ್ಮ ಮನೆಯಲ್ಲಿ ಬೆಳಗಿನ ಚಹಾಕ್ಕಿಂತ ಮುಂಚೆ ಪೂಜೆ ನಡೆಯಿತು. ಯಜಮಾನರು ಚಹಾಕ್ಕಾಗಿ ಅಡುಗೆಮನೆಯ ಬಾಗಿಲಲ್ಲಿ ಕಳ್ಳಬೆಕ್ಕಿನ ಹಾಗೆ ಸುಳಿದಾಡಿದರು. ನೀರನ್ನು ನಾನು ಚೊಂಬಿನಲ್ಲಿ ಅಳೆದು ಇಡುತ್ತಿದ್ದೆ. "ನಾನೇನು ಸಸಿಯಾ, ಹಿಂಗೆ ಹೊತ್ತೊತ್ತಿಗೆ ಹಾಕ್ತೀಯ" ಎಂದು ಗೊಣಗುತ್ತಲೇ ಕುಡಿಯುತ್ತಿದ್ದಳು. ಜಗಳೂರಿನಲ್ಲಿ ಅವಳು ಬೆಳೆದ ಮನೆಯಲ್ಲಿ ನೀರು ಹೊತ್ತು ತರುವ ಕೆಲಸ ಹೆಣ್ಣುಮಕ್ಕಳದ್ದಂತೆ. ಹೊತ್ತು ತಂದವರು ಕಡಿಮೆ ಕುಡಿಯುತ್ತಿದ್ದರಂತೆ. ಇದನ್ನು ಅವಳು ತಾನಾಗಿ ಹೇಳಿದ್ದು, ನಾನು ಕೇಳಿರಲಿಲ್ಲ.

ವಾರದ ಮೇಲೆ ಅಣ್ಣನೇ ಕಾರು ಮಾಡಿಕೊಂಡು ಬಂದ. ಬೆಳಿಗ್ಗೆ ಪೂಜೆ ಮಾಡಿ, ಪ್ರಸಾದ ತಗೊಂಡು, ಒಂದು ಲೋಟ ನೀರು ಕುಡಿದು ದೊಡ್ಡಮ್ಮ ರಕ್ತ ಕೊಟ್ಟಳು. ಸಿಸ್ಟಾಟಿನ್ ಪರೀಕ್ಷೆಗೆ ರಕ್ತವನ್ನು ಬೆಂಗಳೂರಿಗೆ ಕಳಿಸಬೇಕಿತ್ತು, ಉತ್ತರಕ್ಕೆ ಕಾಯಬೇಕಾಯಿತು. ಕೊನೆಗೆ ಎಲ್ಲ ಕೈಗೆ ಬಂದಾಗ ಇಬ್ಬರು ಡಾಕ್ಟರೂ ಒಂದೇ ಕೋಣೆಯಲ್ಲಿ ಕೂತು ನೋಡಿದರು. ನಾನು ಮೇಜಿನ ಈ ಕಡೆಯಿಂದ ತಲೆಕೆಳಗಾಗಿ ಓದಿದೆ, ನನಗೆ ಅದು ಅಭ್ಯಾಸ. ಕ್ರಿಯಾಟಿನಿನ್ ಇಳಿದು ಒಂದರ ಮೇಲೆ ಸ್ವಲ್ಪಕ್ಕೆ ನಿಂತಿತ್ತು. ಸಿಸ್ಟಾಟಿನ್ ಕೂಡ ಅದನ್ನೇ ಹೇಳಿತು. ವಯಸ್ಸಾದ ಕಿಡ್ನಿ, ಕೊಂಚ ದಣಿದಿದೆ, ಆದರೆ ಕೆಲಸ ಬಿಟ್ಟಿಲ್ಲ.

ಬಿಎನ್‌ಪಿ ಮಾತ್ರ ಹೆಚ್ಚೇನೂ ಇಳಿದಿರಲಿಲ್ಲ. ಅಣ್ಣನ ಮುಖ ಬಾಡಿತು. ಹೃದಯದ ಡಾಕ್ಟರು ಅವನ ಕಡೆ ತಿರುಗಿದರು.

"ಈಗ ಇದು ಯಾರ ಮಾತು ಅಂತ ಗೊತ್ತಾಯ್ತಲ್ಲ ರೀ. ಕಿಡ್ನಿ ಮ್ಯಾಲೆ ಹಾಕಾಕೆ ಬರಲ್ಲ. ಹಾರ್ಟೇ ಕೂಗ್ತಾ ಇರೋದು. ತಡ ಮಾಡೋದು ಬ್ಯಾಡ. ಔಷಧಿ ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿ ಬಳಸಿ ಮಾಡಾಣ."

ಮಾಡಿದರು. ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸ್ ಬಂದು, ಎದೆಯ ಮೇಲೆ ಇದ್ದರೆ ಫೋಟೋಗೆ ಅಡ್ಡ ಬರುತ್ತದೆ ಎಂದು ಲಿಂಗವನ್ನು ದೊಡ್ಡಮ್ಮನ ತೋಳಿಗೆ ಬ್ಯಾಂಡೇಜು ಸುತ್ತಿ ಕಟ್ಟಿದಳು. ನಾನು ಏನೋ ಹೇಳಲು ಹೋದರೆ, "ಗೊತ್ತು ಬಿಡ್ರಿ, ದಿನಾ ಕಟ್ತೀವಿ" ಎಂದಳು. ಒಂದು ನಾಳ ಪೂರ್ತಿ ಮುಚ್ಚುವುದರಲ್ಲಿತ್ತಂತೆ, ಅದಕ್ಕೆ ಸ್ಟೆಂಟು ಹಾಕಿದರು. ಮೂರು ದಿನದ ಮೇಲೆ ಮತ್ತೆ ರಕ್ತ ತೆಗೆದರು. ಕಿಡ್ನಿ ಆ ಔಷಧಿಯನ್ನು ತಡೆದುಕೊಂಡಿತ್ತು. ಅಣ್ಣ ಕಾರಿಡಾರಿನ ಗೋಡೆಗೆ ಹಣೆ ಒತ್ತಿ ನಿಂತು ಅತ್ತ. ನಾನು ನೋಡದವಳ ಹಾಗೆ ನಿಂತೆ.

ಮನೆಗೆ ಕರೆದುಕೊಂಡು ಹೋಗುವ ದಿನ ಕಾರಿನಲ್ಲಿ ನಾನೂ ದೊಡ್ಡಮ್ಮನೂ ಹಿಂದೆ ಕೂತಿದ್ದೆವು. ಖುಷಿಯಲ್ಲಿ ನಾನು ಒಂದೇ ಸಮ ಮಾತಾಡುತ್ತಿದ್ದೆ, ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ದಾರಿಯಲ್ಲಿ ಡೀಸೆಲ್ ಹಾಕಿಸಲು ಅಣ್ಣ ಇಳಿದ. ಅವನು ದೂರ ಹೋಗುವುದನ್ನೇ ಕಾಯುತ್ತಿದ್ದವಳ ಹಾಗೆ ಅವಳು ನನ್ನ ಕಡೆ ತಿರುಗಿದಳು.

"ಒಂದು ಕೇಳ್ತೀನಿ, ನಿಜ ಹೇಳು. ಆ ಕಿಡ್ನಿ ಮೊದ್ಲಿಂದಾನೂ ಸರಿಯಾಗೇ ಇತ್ತಾ?"

"ಸುಮಾರಾಗಿ ಸರಿಯಾಗೇ ಇತ್ತು ದೊಡ್ಡಮ್ಮ."

ಅವಳು ಅಣ್ಣ ಹೋದ ಕಡೆ ಒಮ್ಮೆ ನೋಡಿದಳು. ಆಮೇಲೆ, "ಉಗ್ರಾಣದ ಕೀಲಿಕೈ ಸೊಸೆಗೆ ಕೊಟ್ಟುಬಿಟ್ಟಿದೀನಿ" ಎಂದಳು. "ಎರಡನೇ ರಿಪೋರ್ಟು ಬಂದ ಮಾರನೇ ದಿನ. ತೋಟದಾಗೆ ನಿಮ್ಮ ದೊಡ್ಡಪ್ಪನ ಸಮಾಧಿ ಪಕ್ಕ ನಂಗೂ ಜಾಗ ನೋಡ್ಕೊಂಡೆ. ಕಳೆ ಬೆಳೆದಿತ್ತು. ಕೂತು ಕೂತು ಕಿತ್ತು ಬಂದೆ. ನಿಮ್ಮಣ್ಣಂಗೆ ಹೇಳಬ್ಯಾಡ."

ಹೂ ಬಿಡಿಸಲು ಹೋದರೆ ಉಸಿರು ಕಟ್ಟುತ್ತಿದ್ದ ದಿನಗಳವು. ನಾನು ಇತ್ತ ನ್ಯಾಮತಿಯಲ್ಲಿ ಫೋನು ಹಿಡಿದುಕೊಂಡು, ಹೃದಯ ಮೊದಲೋ ಕಿಡ್ನಿ ಮೊದಲೋ ಎಂದು ಇನ್ನೂ ಹುಡುಕುತ್ತಿದ್ದಾಗ, ಅವಳು ಅಲ್ಲಿ ಒಬ್ಬಳೇ ಕೂತು ತನ್ನನ್ನು ಮಣ್ಣು ಮಾಡುವ ಜಾಗದ ಕಳೆ ಕೀಳುತ್ತಿದ್ದಳು. ಯಾರಿಗೂ ಒಂದು ಮಾತು ಹೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು ಅತ್ತೆ. ಸ್ಟೆಂಟು ಹಾಕಲು ಮಣಿಕಟ್ಟಿಗೆ ಚುಚ್ಚಿ ಬ್ಯಾಂಡೇಜು ಕಟ್ಟಿದ ಕೈ ಅದು, ನೋವಾಗಿರಬೇಕು, ಆದರೂ ಬಿಡಿಸಿಕೊಳ್ಳಲಿಲ್ಲ.

"ಅಳಾಕೆ ಏನೈತೆ? ಕೀಲಿಕೈ ಹೆಂಗೋ ಇಸ್ಕೋತೀನಿ" ಎಂದಳು. "ಜಗಳೂರಿಗೆ ಫೋನು ಮಾಡ್ಸಿ ತಮ್ಮನ ಜೊತೆ ಮಾತಾಡಿಬಿಟ್ಟೆ ಕಣೆ. ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದೆ. ತಪ್ಪು ಅವನದ್ದು, ಊರಿಗೇ ಗೊತ್ತು. ಹೆಂಗೂ ಸಾಯ್ತೀನಲ್ಲ ಅಂತ, ನಂದೇ ತಪ್ಪಾಯ್ತು ಕಣಪ್ಪ ಅಂದುಬಿಟ್ಟೆ. ಅದನ್ನ ಈಗ ಹೆಂಗೆ ವಾಪಸ್ ಇಸ್ಕೊಳ್ಳಲಿ?"